ಜ್ವರ ಬಾರದವನ ರಕ್ತ

ಚಳಿಜ್ವರದ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಜ್ವರವು ಮೇಲಿಂದ ಮೇಲೆ ಬಂದು, ಹೊಟ್ಟೆಯ ಎಡಮಗ್ಗುಲಲ್ಲಿ ಗುಲ್ಮವು ಊದಿ ಕೈಗೆ ಸಿಗುವಂತಾದರೆ ಹಿರಿಯರು ಅದನ್ನು ‘ಜ್ವರಗಡ್ಡೆ’ ಎಂದು ಕರೆಯುತ್ತಿದ್ದರು. ರೋಗಕ್ಕೆ ಮಾತ್ರವಲ್ಲ, ಅದು ದೇಹದಲ್ಲಿ ಬಿಟ್ಟುಹೋಗುವ ಗುರುತಿಗೂ ಜನ ಹೆಸರಿಟ್ಟಿದ್ದಾರೆಂದರೆ ಅದರ ಪರಿಚಯ ಎಷ್ಟು ಹಳೆಯದೆಂದು ಊಹಿಸಬಹುದು. ಆದರೆ ಈ ಲೇಖನದ ವಿಷಯ ಜ್ವರವಲ್ಲ, ಜ್ವರ ಬಾರದಿರುವುದು. ರೋಗಾಣು ರಕ್ತದಲ್ಲಿದ್ದು ಒಬ್ಬನು ಹಾಸಿಗೆ ಹಿಡಿಯುವನು. ಅದೇ ರೋಗಾಣು ರಕ್ತದಲ್ಲಿದ್ದು ಇನ್ನೊಬ್ಬನು ಎದ್ದು ಕೆಲಸಕ್ಕೆ ಹೋಗುವನು. ಇದೇಕೆ ಹೀಗೆ? ಈ ಪ್ರಶ್ನೆಗೆ ವಿಜ್ಞಾನಿಗಳು ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ದಾರಿಯಿಂದ ಉತ್ತರ ಹುಡುಕುತ್ತಿದ್ದಾರೆ. ಆ ದಾರಿಯನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದೇ ನನ್ನ ಉದ್ದೇಶ.

ನಾನು ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿ. ಜೀವಶಾಸ್ತ್ರದ ವಿಷಯದಲ್ಲಿ ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ಮಿತ್ರರೊಬ್ಬರು ಎಚ್ಚರಿಸಿದರು. ಅವರ ಮಾತು ಸುಳ್ಳಲ್ಲ. ಆದರೂ ಈ ಪ್ರಶ್ನೆ ನನ್ನನ್ನು ಪುಸ್ತಕದಿಂದ ಹುಡುಕಿಕೊಂಡು ಬಂದದ್ದಲ್ಲ, ಮನೆಯಿಂದ ಬಂದದ್ದು.

ನಮ್ಮದು ಬಯಲುಸೀಮೆಯ ಒಣ ಊರು. ನಮ್ಮ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಎಷ್ಟೋ ಜನ ಮಂಗಳೂರಿಗೆ ಹೋಗುತ್ತಾರೆ. ನನ್ನ ಅಣ್ಣನೂ ಹೋದನು. ನಾನು ಈ ಕಾಲೇಜಿನಲ್ಲಿ ಕುಳಿತು ಓದುತ್ತಿರುವುದು ಅವನು ಅಲ್ಲಿ ಇಟ್ಟಿಗೆ ಹೊರುತ್ತಿರುವುದರಿಂದ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅವನಿಗೆ ಚಳಿಜ್ವರ ಬಂದು ಒಂಬತ್ತು ದಿನ ಶೆಡ್ಡಿನಲ್ಲೇ ಮಲಗಿದನು. ಆರೋಗ್ಯ ಇಲಾಖೆಯವರು ಬಂದು ಶೆಡ್ಡಿನಲ್ಲಿದ್ದ ಎಲ್ಲರ ಬೆರಳು ಚುಚ್ಚಿ ರಕ್ತ ನೋಡಿದಾಗ, ಅಣ್ಣನ ಚೀಟಿಯಲ್ಲಿ ‘ವೈವ್ಯಾಕ್ಸ್’ ಎಂದು ಬಂತು. ಅವನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ ಒಡಿಶಾದ ಕೆಲಸಗಾರನ ಚೀಟಿಯಲ್ಲಿಯೂ ಅದೇ ಬಂತು. ವಿಚಿತ್ರವೇನೆಂದರೆ ಆತನಿಗೆ ಜ್ವರವೇ ಇರಲಿಲ್ಲ. ಅಂದು ಬೆಳಗ್ಗೆ ಕೂಡ ನಾಲ್ಕನೆಯ ಮಹಡಿಗೆ ಸಿಮೆಂಟು ಏರಿಸಿ ಬಂದಿದ್ದನು. ಮೇಸ್ತ್ರಿಯು ಎಲ್ಲರೆದುರಿಗೆ ಅಣ್ಣನಿಗೆ, “ಅಂವನ್ನ ನೋಡು, ಮೈಯಾಗ ಹುಳ ಇಟ್ಟಕೊಂಡೂ ಚೀಲ ಹೊರತಾನ. ನಿನ್ನ ಮೈಯಾಗ ಕಸುವಿಲ್ಲ” ಎಂದನಂತೆ. ಒಂಬತ್ತು ದಿನದ ಪಗಾರವೂ ಹೋಯಿತು. ಪಗಾರ ಹೋದುದನ್ನು ಅಣ್ಣ ಒಮ್ಮೆ ಹೇಳಿ ಬಿಟ್ಟನು. ಕಸುವಿನ ಮಾತನ್ನು ಮಾತ್ರ ಬಿಡಲಿಲ್ಲ. ಫೋನಿನಲ್ಲಿ ಕೇಳಿದನು: “ತಮ್ಮಾ, ನೀ ಓದಾಂವ. ಒಂದs ಶೆಡ್ಡು, ಒಂದs ಹುಳ. ನನಗ ಯಾಕ ಬಂತು, ಅಂವಗ ಯಾಕ ಬರಲಿಲ್ಲ?”

ನನಗೆ ಉತ್ತರ ಗೊತ್ತಿರಲಿಲ್ಲ. ನೆರೆಯ ವಿಜ್ಞಾನ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರ ಬಳಿಗೆ ಹೋದೆ. ಅವರು ಕೊಟ್ಟ ಬರಹಗಳನ್ನು ನಿಘಂಟು ಹಿಡಿದು ಓದಿದೆ; ತಿಳಿಯದಿದ್ದಾಗ ಮತ್ತೆ ಹೋಗಿ ಅವರನ್ನು ಪೀಡಿಸಿದೆ. ಈ ಲೇಖನದಲ್ಲಿ ಸರಿಯಿರುವುದೆಲ್ಲ ಅವರದು. ತಪ್ಪುಗಳಿದ್ದರೆ ಅವು ನನ್ನವು.

ಮೊದಲು ತಿಳಿದ ಸಂಗತಿಗಳನ್ನು ಬೇಗ ಮುಗಿಸೋಣ. ಮಲೇರಿಯಾದ ರೋಗಾಣುವನ್ನು ರೋಗಿಯ ರಕ್ತದಲ್ಲಿ ಮೊಟ್ಟಮೊದಲು ಕಂಡವನು ಲ್ಯಾವೆರಾನ್ ಎಂಬ ಫ್ರೆಂಚ್ ವೈದ್ಯ, 1880ರಲ್ಲಿ, ಅಲ್ಜೀರಿಯಾದಲ್ಲಿ. ಅದು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡನು. ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ ಕಚ್ಚಿದಾಗ ರೋಗಾಣುಗಳು ಮೊದಲು ಯಕೃತ್ತನ್ನು ಸೇರುತ್ತವೆ. ಅಲ್ಲಿ ಸದ್ದಿಲ್ಲದೆ ಸಂತಾನ ಬೆಳೆಸಿ, ಬಳಿಕ ಕೆಂಪು ರಕ್ತಕಣಗಳೊಳಗೆ ನುಗ್ಗುತ್ತವೆ. ಒಂದೊಂದು ಕಣದೊಳಗೂ ಹಲವಾಗಿ ಒಡೆದು ಸುಮಾರು ಎರಡು ದಿನಕ್ಕೊಮ್ಮೆ ಕಣವನ್ನು ಸಿಡಿಸಿ ಹೊರಬೀಳುತ್ತವೆ. ಬಿಟ್ಟು ಬಿಟ್ಟು ಬರುವ ಜ್ವರದ ಗುಟ್ಟು ಇದೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಜ್ವರವನ್ನು ಉಂಟುಮಾಡುವುದು ನೇರವಾಗಿ ರೋಗಾಣುವಲ್ಲ, ನಮ್ಮ ದೇಹವೇ. ಕಣಗಳು ಸಿಡಿದಾಗ ಹೊರಬೀಳುವ ಕಸವನ್ನು ಕಂಡು ಬಿಳಿ ರಕ್ತಕಣಗಳು ಗಾಬರಿಗೊಂಡು ಕೂಗೆಬ್ಬಿಸುತ್ತವೆ. ಆ ಕೂಗೆಂದರೆ ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ ಮೊದಲಾದ ರಾಸಾಯನಿಕಗಳು. ಅದು ಮೆದುಳನ್ನು ಮುಟ್ಟಿದಾಗ ಮೈಯ ತಾಪ ಏರುತ್ತದೆ, ಚಳಿ ನಡುಕ ಹುಟ್ಟುತ್ತದೆ. ಆದುದರಿಂದ ಜ್ವರ ಬಂದವನ ಮೈಯಲ್ಲಿ ಕಸುವಿಲ್ಲವೆನ್ನುವುದು ತಲೆಕೆಳಗಾದ ಮಾತು. ಅವನ ಕಸುವೇ ಹದವರಿಯದೆ ಮೇಲೆದ್ದಿದೆ.

ಹಾಗಾದರೆ ಹದ ಬರುವುದು ಹೇಗೆ? ಮಲೇರಿಯಾ ನೆಲೆಸಿದ ಪ್ರದೇಶಗಳಲ್ಲಿ ಮಕ್ಕಳ ರಕ್ತದಲ್ಲಿ ರೋಗಾಣು ಹೆಚ್ಚಾಗಿಯೂ ದೊಡ್ಡವರಲ್ಲಿ ಕಡಿಮೆಯಾಗಿಯೂ ಇರುವುದನ್ನು ಜರ್ಮನಿಯ ರಾಬರ್ಟ್ ಕಾಖ್ 1900ರ ವೇಳೆಗೆ ನ್ಯೂಗಿನಿಯಲ್ಲಿ ಗುರುತಿಸಿದ್ದನು. ಮತ್ತೆ ಮತ್ತೆ ಸೋಂಕು ತಗುಲಿದಂತೆ ದೇಹ ಏನನ್ನೋ ಕಲಿಯುತ್ತದೆ. ಆ ‘ಏನನ್ನೋ’ ಎಂಬುದರಲ್ಲಿ ಒಂದು ಪಾಲನ್ನು 1961ರಲ್ಲಿ ಗ್ಯಾಂಬಿಯಾದಲ್ಲಿ ಕೋಹೆನ್, ಮ್ಯಾಕ್‌ಗ್ರೆಗರ್ ಮತ್ತು ಅವರ ಸಂಗಡಿಗರು ಬಯಲಿಗೆ ತಂದರು. ಅಲ್ಲಿನ ವಯಸ್ಕರ ರಕ್ತದಿಂದ ಗ್ಯಾಮಾ ಗ್ಲಾಬ್ಯುಲಿನ್ ಎಂಬ ಅಂಶವನ್ನು ಬೇರ್ಪಡಿಸಿ ಮಲೇರಿಯಾದಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟಾಗ ಅವರ ರಕ್ತದಲ್ಲಿ ರೋಗಾಣುಗಳು ಇಳಿದುಹೋದವು. ಪ್ರತಿಕಾಯಗಳ ಮಹಿಮೆ ಹೀಗೆ ಸ್ಥಿರಪಟ್ಟಿತು. ಆದರೆ ಪ್ರತಿಕಾಯಗಳು ರೋಗಾಣುವಿನ ಸಂಖ್ಯೆ ತಗ್ಗುವುದನ್ನು ವಿವರಿಸುತ್ತವೆಯೇ ಹೊರತು, ರೋಗಾಣು ಉಳಿದಿದ್ದೂ ದೇಹ ಕೂಗೆಬ್ಬಿಸದೆ ಸುಮ್ಮನಿರುವುದನ್ನು ಪೂರ್ತಿಯಾಗಿ ವಿವರಿಸಲಾರವು. ಒಡಿಶಾದ ಆ ಕೆಲಸಗಾರನ ಪ್ರಶ್ನೆ ಹಾಗೆಯೇ ಉಳಿಯಿತು. ಆತನು ಮಂಗಳೂರಿನಲ್ಲಿ ಆರು ಮಳೆಗಾಲ ಕಳೆದಿದ್ದನೆಂದೂ, ಮೊದಲೆರಡು ವರ್ಷ ಆತನೂ ಮಲಗಿದ್ದನೆಂದೂ ಅಣ್ಣನಿಂದ ಆಮೇಲೆ ತಿಳಿಯಿತು.

ಇನ್ನು ಹೊಸ ದಾರಿಗೆ ಬರೋಣ. ಅದಕ್ಕೆ ‘ವಂಶವಾಹಿಗಳ ಅಭಿವ್ಯಕ್ತಿ’ಯ ಅಧ್ಯಯನವೆಂದು ಹೆಸರು. ಹೆಸರು ಕೇಳಿ ವಾಚಕರು ಪುಟ ತಿರುವಬಾರದೆಂದು ಕೋರುತ್ತೇನೆ. ನಮ್ಮ ಕಾಲೇಜಿನ ಗ್ರಂಥಾಲಯವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುವಂತಹುದು. ಗ್ರಂಥಾಲಯದ ಗಾಜಿನ ಕಪಾಟಿನಲ್ಲಿರುವ ದೊಡ್ಡ ಗ್ರಂಥಗಳನ್ನು ಹೊರಗೆ ಒಯ್ಯುವಂತಿಲ್ಲ. ಬೇಕಾದವರು ಅಲ್ಲೇ ಕುಳಿತು ಬೇಕಾದ ಪುಟವನ್ನು ಚೀಟಿಯಲ್ಲಿ ನಕಲು ಮಾಡಿಕೊಂಡು ಹೋಗಬೇಕು. (ಚೀಟಿಯೆಂದೊಡನೆ ಪರೀಕ್ಷೆಯ ಕೊಠಡಿಯನ್ನು ನೆನೆಯಬಾರದು.) ಕೆಲಸ ಮುಗಿದ ಮೇಲೆ ಚೀಟಿ ಹರಿದು ಬುಟ್ಟಿ ಸೇರುತ್ತದೆ. ನಮ್ಮ ದೇಹದ ಜೀವಕೋಶಗಳಲ್ಲಿಯೂ ಹೀಗೆಯೇ. ಕೋಶದ ನಡುವಿನ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ಮಹಾಗ್ರಂಥವಿದೆ. ಅದರಲ್ಲಿ ಪ್ರೋಟೀನುಗಳನ್ನು ತಯಾರಿಸುವ ವಿಧಾನ ಬರೆದಿರುವ ಸುಮಾರು 20,000 ಪುಟಗಳಿವೆಯೆಂದುಕೊಳ್ಳಿ. ಒಂದೊಂದು ಪುಟವೂ ಒಂದು ವಂಶವಾಹಿ, ಅಂದರೆ ಜೀನ್. ಯಕೃತ್ತಿನ ಕೋಶವಾಗಲಿ ಬಿಳಿ ರಕ್ತಕಣವಾಗಲಿ ಗ್ರಂಥ ಒಂದೇ. ಆದರೆ ಓದುವ ಪುಟಗಳು ಬೇರೆ. ಬೇಕಾದ ಪುಟದಿಂದ ಆರ್.ಎನ್.ಎ. ಎಂಬ ಚೀಟಿಯನ್ನು ನಕಲು ಮಾಡಿ ಹೊರಗೆ ಕಳುಹಿಸಲಾಗುತ್ತದೆ. ಚೀಟಿಯಲ್ಲಿದ್ದಂತೆ ಪ್ರೋಟೀನು ತಯಾರಾಗುತ್ತದೆ. ಸ್ವಲ್ಪ ಕಾಲದಲ್ಲಿ ಚೀಟಿ ನಾಶವಾಗುತ್ತದೆ.

ಒಂದು ಸಂಜೆ ಗ್ರಂಥಾಲಯದ ಚೀಟಿಗಳನ್ನೆಲ್ಲ ಒಟ್ಟುಮಾಡಿ ಎಣಿಸಿದರೆ, ಯಾವ ಪರೀಕ್ಷೆ ಹತ್ತಿರ ಬಂದಿದೆಯೆಂಬುದನ್ನು ಯಾರನ್ನೂ ಕೇಳದೆ ಹೇಳಬಹುದಷ್ಟೆ. ಹಾಗೆಯೇ, ಒಂದು ಸಣ್ಣ ನಳಿಕೆಯಷ್ಟು ರಕ್ತದಲ್ಲಿನ ಆರ್.ಎನ್.ಎ. ಚೀಟಿಗಳನ್ನು ವಂಶವಾಹಿಯ ಪ್ರಕಾರ ಎಣಿಸಿದರೆ, ಆ ಗಳಿಗೆಯಲ್ಲಿ ದೇಹವು ಯಾವುದಕ್ಕೆ ಸಿದ್ಧವಾಗುತ್ತಿದೆಯೆಂದು ಕಾಣುತ್ತದೆ. ಚೀಟಿಗಳು ಬೇಗ ಹಾಳಾಗುವುದರಿಂದ ರಕ್ತವನ್ನು ತೆಗೆದೊಡನೆ ಅವುಗಳನ್ನು ಕಾಪಾಡುವ ದ್ರವದಲ್ಲಿ ಬೆರೆಸಿ ಶೈತ್ಯದಲ್ಲಿಡುತ್ತಾರೆ. ಬಲಿತ ಕೆಂಪು ರಕ್ತಕಣಕ್ಕೆ ಕೇಂದ್ರವೇ ಇಲ್ಲ, ಅದು ಗ್ರಂಥವಿಲ್ಲದ ಕೋಣೆ. ಆದುದರಿಂದ ರಕ್ತದಲ್ಲಿ ನಮಗೆ ಬೇಕಾದ ಸುದ್ದಿ ಬರುವುದು ಬಿಳಿ ರಕ್ತಕಣಗಳಿಂದ. ಜ್ವರದ ಕೂಗನ್ನು ಎಬ್ಬಿಸುವವೂ ಅಡಗಿಸುವವೂ ಅವೇ ಆದ್ದರಿಂದ ಈ ವಿಧಾನ ಮಲೇರಿಯಾಕ್ಕೆ ಚೆನ್ನಾಗಿ ಒಪ್ಪುತ್ತದೆ.

ಈ ವಿಧಾನವನ್ನು ಶ್ರದ್ಧೆಯಿಂದ ನಡೆಸಿದ ಒಂದು ಊರಿನ ಹೆಸರನ್ನು ಹೇಳಲೇಬೇಕು. ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ, ರಾಜಧಾನಿ ಬಮಾಕೊ ನಗರಕ್ಕೆ ಸಮೀಪದಲ್ಲಿ, ಕಲಿಫಬುಗು ಎಂಬ ಹಳ್ಳಿಯಿದೆ. ಅಲ್ಲಿ ಮಳೆ ಬಂದಮೇಲೆ ಸುಮಾರು ಆರು ತಿಂಗಳು ಮಲೇರಿಯಾದ ಕಾಲ. ಉಳಿದ ಆರು ತಿಂಗಳು ಒಣ ಹವೆ, ಸೊಳ್ಳೆಯ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಹೀಗೆ ರೋಗದ ಋತುವು ಗೆರೆ ಕೊಯ್ದಂತೆ ಆರಂಭವಾಗುವುದರಿಂದ ಸಂಶೋಧಕರಿಗೆ ಆ ಹಳ್ಳಿ ಒಂದು ದೊಡ್ಡ ಅನುಕೂಲ. ಬಮಾಕೊದ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರೂ ಜೊತೆಗೂಡಿ 2011ರ ಮೇ ತಿಂಗಳಲ್ಲಿ, ಮಳೆಗೆ ಮೊದಲೇ, ಅಲ್ಲಿನ 695 ಜನರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ವಯಸ್ಸು ಮೂರು ತಿಂಗಳಿಂದ ಇಪ್ಪತ್ತೈದು ವರ್ಷ. ಎಲ್ಲರೂ ಆರೋಗ್ಯವಾಗಿದ್ದಾಗಲೇ ರಕ್ತ ತೆಗೆದಿಟ್ಟರು. ಅನಂತರ ಎರಡು ವಾರಕ್ಕೊಮ್ಮೆ ಬೆರಳು ಚುಚ್ಚಿ ಒಂದು ಹನಿಯನ್ನು ಕಾಗದದ ಮೇಲೆ ಒಣಗಿಸಿಟ್ಟುಕೊಂಡರು. ಯಾರಿಗೆ ಜ್ವರ ಬಂತೋ ಅವರಿಗೆ ಔಷಧ ಕೊಟ್ಟರು. ಒಣಗಿದ ಹನಿಗಳನ್ನು ಆಮೇಲೆ ಪರೀಕ್ಷಿಸಿದಾಗ, ಯಾವ ಮಗುವಿನ ರಕ್ತಕ್ಕೆ ರೋಗಾಣು ಯಾವ ಪಕ್ಷದಲ್ಲಿ ಕಾಲಿಟ್ಟಿತೆಂದೂ, ಆಗ ಜ್ವರ ಬಂದಿತೋ ಇಲ್ಲವೋ ಎಂದೂ ಹೊಂದಿಸಿ ನೋಡಲು ಸಾಧ್ಯವಾಯಿತು.

ಆರೋಗ್ಯವಾಗಿದ್ದಾಗಲೇ ರಕ್ತ ತೆಗೆದಿಟ್ಟರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಬರ ಬಿದ್ದು ಜನ ಹಸಿದ ಮೇಲೆ ಮನೆಮನೆಯ ಹಗೇವು ತೆರೆದು ನೋಡಿದರೆ ಎಲ್ಲವೂ ಬರಿದಾಗಿರುತ್ತದೆ. ಯಾರು ಏಕೆ ಹಸಿದರು, ಯಾರು ಏಕೆ ಉಳಿದರು ಎಂದು ತಿಳಿಯಬೇಕಾದರೆ ಬರಕ್ಕೆ ಮುಂಚೆ ಯಾರ ಹಗೇವಿನಲ್ಲಿ ಎಷ್ಟು ಜೋಳವಿತ್ತೆಂಬ ಲೆಕ್ಕ ಕೈಯಲ್ಲಿರಬೇಕು. ಜ್ವರ ಬಂದಮೇಲೆ ತೆಗೆದ ರಕ್ತದಲ್ಲಿ ಗಲಾಟೆಯೇ ಕಾಣುವುದು. ಗಲಾಟೆ ಏಕಾಯಿತೆಂಬುದು ಹಿಂದಿನ ರಕ್ತದಲ್ಲಿದೆ.

2014ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ಮಲೇರಿಯಾ ಋತುವಿಗೆ ಮುಂಚೆ ಮಕ್ಕಳಿಂದ ತೆಗೆದ ಬಿಳಿ ರಕ್ತಕಣಗಳನ್ನೂ, ಅದೇ ಮಕ್ಕಳಿಗೆ ಆ ಋತುವಿನ ಮೊದಲ ಜ್ವರ ಬಂದು ಚಿಕಿತ್ಸೆಯಾದ ಏಳು ದಿನದ ಬಳಿಕ ತೆಗೆದ ಕಣಗಳನ್ನೂ ಬೇರೆ ಬೇರೆಯಾಗಿ, ರೋಗಾಣು ಹೊಕ್ಕ ಕೆಂಪು ಕಣಗಳೊಡನೆ ಪ್ರಯೋಗಶಾಲೆಯಲ್ಲಿ ಬೆರೆಸಿದರು. ಮೊದಲಿನ ಕಣಗಳು ರೋಗಾಣುವನ್ನು ಕಂಡೊಡನೆ ಉರಿಯೆಬ್ಬಿಸುವ ಇಂಟರ್‌ಲ್ಯೂಕಿನ್-1, 6, 8 ಮುಂತಾದುವನ್ನು ಸುರಿಸಿದವು. ಜ್ವರ ಕಂಡು ಬಂದ ಕಣಗಳು ಅವನ್ನು ಕಡಿಮೆ ಸುರಿಸಿ, ಉರಿಯನ್ನು ತಣಿಸುವ ಇಂಟರ್‌ಲ್ಯೂಕಿನ್-10ನ್ನು ಹೆಚ್ಚಾಗಿ ಕೊಟ್ಟವು. ಹಾಗೆಂದು ಅವು ಸೋಮಾರಿಗಳಾಗಿರಲಿಲ್ಲ. ರೋಗಾಣುವನ್ನು ನುಂಗುವ ಕೆಲಸಕ್ಕೆ ಸಂಬಂಧಿಸಿದ ಅಣುಗಳು ಅವುಗಳಲ್ಲಿ ಹೆಚ್ಚಿದ್ದವು. ಕೂಗು ಕಡಿಮೆ, ಕೆಲಸ ಹೆಚ್ಚು! ಮಗು ಅದೇ, ರೋಗಾಣು ಅದೇ. ನಡುವೆ ನಡೆದದ್ದು ಒಂದು ಜ್ವರ. ಆದರೆ ಈ ಪಾಠ ದೇಹಕ್ಕೆ ಬಹುಕಾಲ ನೆನಪಿರುವುದಿಲ್ಲ. ಒಣ ಹವೆಯ ಆರು ತಿಂಗಳು ಕಳೆದ ಮೇಲೆ ನೋಡಿದಾಗ, ಇಂಟರ್‌ಲ್ಯೂಕಿನ್-10ನ್ನು ಕೊಡುವ ಗುಣ ಅಷ್ಟಿಷ್ಟು ಉಳಿದಿದ್ದುದು ರಕ್ತದಲ್ಲಿ ರೋಗಾಣುವನ್ನು ಜ್ವರವಿಲ್ಲದೆ ಇಟ್ಟುಕೊಂಡೇ ಇದ್ದ ಮಕ್ಕಳಲ್ಲಿ ಮಾತ್ರ.

2019ರಲ್ಲಿ ಬಂದ ಎರಡನೆಯ ಅಧ್ಯಯನವೇ ವಂಶವಾಹಿಗಳ ಚೀಟಿ ಎಣಿಸುವ ಕೆಲಸದ ನಿಜವಾದ ಮಾದರಿ. ರೋಗಾಣು ಹೊಕ್ಕಾಗ ಜ್ವರ ಬಂದ ಮಕ್ಕಳನ್ನೂ ಬಾರದ ಮಕ್ಕಳನ್ನೂ ಬೇರೆಮಾಡಿ, ಸೋಂಕಿಗೆ ಮುಂಚೆ ತೆಗೆದಿಟ್ಟ ಅವರ ರಕ್ತದ ಚೀಟಿಗಳನ್ನು ಎಣಿಸಿದರು. ಜ್ವರ ಬಾರದ ಮಕ್ಕಳಲ್ಲಿ, ರೋಗಾಣು ಬರುವುದಕ್ಕೆ ಮೊದಲೇ, ಕೆಲವು ಪುಟಗಳು ಹೆಚ್ಚಾಗಿ ತೆರೆದಿದ್ದವು. ಪ್ರತಿಕಾಯಗಳನ್ನು ತಯಾರಿಸುವ ಬಿ-ಕಣಗಳ ಗುರುತು, ಇಂಟರ್‌ಫೆರಾನಿಗೆ ಸಂಬಂಧಿಸಿದ ಗುರುತು ಇವಲ್ಲದೆ ಯಾರೂ ನಿರೀಕ್ಷಿಸದ ಇನ್ನೊಂದು ಹೆಸರು ಅಲ್ಲಿ ಕಾಣಿಸಿತು. ಅದು ಪಿ-53. ಈ ಪಿ-53 ಹೊಸಬನಲ್ಲ. 1979ರಿಂದ ವಿಜ್ಞಾನಿಗಳಿಗೆ ಪರಿಚಿತ; ಕೋಶಗಳು ಹದ್ದುಮೀರಿ ಬೆಳೆದು ಕ್ಯಾನ್ಸರ್ ಆಗದಂತೆ ತಡೆಯುವ ಕಾವಲುಗಾರನೆಂದು ಅದಕ್ಕೆ ಖ್ಯಾತಿ. ಮಲೇರಿಯಾದ ಜ್ವರಕ್ಕೂ ಅದಕ್ಕೂ ಏನು ಸಂಬಂಧ? ಸಂಶೋಧಕರು ಎಣಿಕೆಯನ್ನೇ ನಂಬಿ ಕೂರಲಿಲ್ಲ. ಮಾನೋಸೈಟ್ ಎಂಬ ಬಿಳಿ ಕಣಗಳಲ್ಲಿ ಪಿ-53ನ್ನು ಹೆಚ್ಚಿಸಿ ಪರೀಕ್ಷಿಸಿದಾಗ, ಅವು ಮಲೇರಿಯಾದ ರೋಗಾಣುವಿಗೆ ಎಬ್ಬಿಸುವ ಉರಿ ತಗ್ಗಿದುದು ಕಂಡುಬಂತು. ಎಣಿಕೆಯು ಬೆರಳು ತೋರಿಸಿತು. ಪ್ರಯೋಗವು ಅಲ್ಲಿ ಅಗೆದು ನೋಡಿತು.

ಬೆರಳು ತೋರಿಸುವುದೆಂದೆ. ಅದರಲ್ಲಿ ಮೋಸ ಹೋಗುವ ಸಂಭವವೂ ಉಂಟು. ನಮ್ಮ ಸಂಖ್ಯಾಶಾಸ್ತ್ರದ ಅಧ್ಯಾಪಕರಿಗೆ ಈ ವಿಷಯ ಹೇಳಿದಾಗ ಅವರು ಮೊದಲು ಕೇಳಿದ್ದೇ, “ಎಷ್ಟು ವಂಶವಾಹಿಗಳನ್ನು ಹೋಲಿಸಿದರಯ್ಯಾ?” ಎಂದು. ಇಪ್ಪತ್ತು ಸಾವಿರವೆಂದೆ. ನೂರಕ್ಕೆ ಐದರಷ್ಟು ಆಕಸ್ಮಿಕವನ್ನು ಒಪ್ಪಿಕೊಳ್ಳುವ ನಮ್ಮ ಸಾಮಾನ್ಯ ನಿಯಮವನ್ನು ಹಿಡಿದರೆ, ಎರಡು ಗುಂಪುಗಳ ನಡುವೆ ನಿಜವಾದ ವ್ಯತ್ಯಾಸ ಒಂದೂ ಇಲ್ಲದಿದ್ದರೂ ಒಂದು ಸಾವಿರ ವಂಶವಾಹಿಗಳು ‘ವ್ಯತ್ಯಾಸವಿದೆ’ ಎಂದು ಕೈಯೆತ್ತುತ್ತವೆಂದು ಅವರು ಹಲಗೆಯ ಮೇಲೆ ಬರೆದು ತೋರಿಸಿದರು. ಆದುದರಿಂದ ಇಂತಹ ಅಧ್ಯಯನಗಳಲ್ಲಿ ಒರೆಗಲ್ಲನ್ನು ಬಹಳ ಬಿಗಿಗೊಳಿಸುತ್ತಾರೆ; ಒಂಟಿ ವಂಶವಾಹಿಗಿಂತ ಒಂದೇ ಕೆಲಸಕ್ಕೆ ಸೇರಿದ ಹಲವು ವಂಶವಾಹಿಗಳು ಒಟ್ಟಿಗೆ ಏರಿವೆಯೇ ಎಂದು ನೋಡುತ್ತಾರೆ.

ಇನ್ನೊಂದು ತೊಡಕು ಹೆಚ್ಚು ಸ್ವಾರಸ್ಯದ್ದು. ಗ್ರಂಥಾಲಯದಲ್ಲಿ ಇತಿಹಾಸದ ಚೀಟಿಗಳು ಇಮ್ಮಡಿಯಾದವೆನ್ನಿ. ಇತಿಹಾಸದ ವಿದ್ಯಾರ್ಥಿಗಳು ಹೆಚ್ಚು ಓದುತ್ತಿದ್ದಾರೆಂದು ಪ್ರಾಂಶುಪಾಲರು ಸಂತೋಷಪಡಬಹುದು. ಆದರೆ ನಿಜವಾಗಿ ಆದದ್ದು, ಅಂದು ಇತಿಹಾಸದ ವಿದ್ಯಾರ್ಥಿಗಳೇ ಹೆಚ್ಚು ಮಂದಿ ಬಂದದ್ದಾಗಿರಬಹುದು. ತಲಾ ಓದು ಮೊದಲಿನಷ್ಟೇ. ರಕ್ತದಲ್ಲಿಯೂ ಬಿ-ಕಣಗಳ ಚೀಟಿ ಹೆಚ್ಚಿದರೆ ಒಂದೊಂದು ಕಣವೂ ಹೆಚ್ಚು ನಕಲು ಮಾಡಿತೋ, ಕಣಗಳೇ ಹೆಚ್ಚಿದವೋ? ಇದನ್ನು ಬಿಡಿಸಲು ಕಣಗಳನ್ನು ಜಾತಿವಾರು ಬೇರೆಯಾಗಿ ಎಣಿಸಲೇಬೇಕು, ಮಾಲಿಯ ಅಧ್ಯಯನದಲ್ಲಿ ಹಾಗೆ ಎಣಿಸಿದ್ದಾರೆ. ಕೊನೆಗೆ, ಚೀಟಿ ಬರೆದುಕೊಂಡವರೆಲ್ಲ ಪರೀಕ್ಷೆಯಲ್ಲಿ ಬರೆಯುತ್ತಾರೆಂದಿಲ್ಲವಲ್ಲ! ಆರ್.ಎನ್.ಎ. ಇದ್ದ ಮಾತ್ರಕ್ಕೆ ಅಷ್ಟೇ ಪ್ರೋಟೀನು ಆಯಿತೆಂದು ಹೇಳಲಾಗದು. ಅದಕ್ಕಾಗಿ ರಕ್ತದ್ರವದಲ್ಲಿನ ಪ್ರತಿಕಾಯಗಳನ್ನೂ ಇಂಟರ್‌ಲ್ಯೂಕಿನ್‌ಗಳನ್ನೂ ಅವರು ಜೊತೆಯಲ್ಲೇ ಅಳೆದರು.

ಇಷ್ಟು ಹೊತ್ತು ಮನುಷ್ಯನ ಗ್ರಂಥವನ್ನೇ ಓದಿದೆವು. ರೋಗಾಣುವಿಗೂ ತನ್ನದೇ ಗ್ರಂಥವಿದೆ, ತನ್ನದೇ ಚೀಟಿಗಳಿವೆ. ಅದೇ ಮಾಲಿ ದೇಶದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಒಣ ಹವೆಯಲ್ಲಿ ಜ್ವರವಿಲ್ಲದವರ ರಕ್ತದಲ್ಲಿ ಅಡಗಿದ್ದ ರೋಗಾಣುಗಳ ಚೀಟಿಗಳನ್ನು, ಮಳೆಗಾಲದಲ್ಲಿ ಜ್ವರ ಬಂದವರಿಂದ ತೆಗೆದ ರೋಗಾಣುಗಳ ಚೀಟಿಗಳೊಡನೆ ಹೋಲಿಸಿತು. ಎರಡೂ ಬೇರೆಯಾಗಿದ್ದವು. ಜ್ವರದ ಕಾಲದಲ್ಲಿ ರೋಗಾಣು ಹೊಕ್ಕ ಕೆಂಪು ಕಣಗಳು ಬೇಗನೆ ರಕ್ತನಾಳದ ಗೋಡೆಗೆ ಅಂಟಿಕೊಂಡು ಅವಿತುಕೊಳ್ಳುತ್ತವೆ. ಒಣ ಹವೆಯಲ್ಲಿಯೋ ಅವು ಅಂಟದೆ ಹೆಚ್ಚು ಹೊತ್ತು ರಕ್ತದಲ್ಲಿ ತಿರುಗುತ್ತವೆ. ಹಾಗೆ ತಿರುಗುವಾಗ ಗುಲ್ಮವನ್ನು ಹಾದುಹೋಗಲೇಬೇಕು, ಗುಲ್ಮವು ಅವನ್ನು ಸೋಸಿಬಿಡುತ್ತದೆ. ಹೀಗೆ ಸೋಸಿ ಸೋಸಿ ಉಳಿದ ಸ್ವಲ್ಪ ರೋಗಾಣುಗಳು ದೇಹವನ್ನು ಎಚ್ಚರಿಸದಷ್ಟು ಸಣ್ಣ ಸಂಖ್ಯೆಯಲ್ಲಿ ಮುಂದಿನ ಮಳೆಯವರೆಗೆ ಕಾಯುತ್ತವೆ. ನಮ್ಮ ಹಿರಿಯರು ‘ಜ್ವರಗಡ್ಡೆ’ಯೆಂದು ಕೈಯಿಂದ ಮುಟ್ಟಿ ನೋಡುತ್ತಿದ್ದುದು ಈ ಜರಡಿಯನ್ನೇ.

ಇಲ್ಲಿ ನಾನು ಪ್ರಾಮಾಣಿಕವಾಗಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮಾಲಿಯ ಅಧ್ಯಯನಗಳು ಫಾಲ್ಸಿಪ್ಯಾರಮ್ ಎಂಬ ಉಗ್ರ ಜಾತಿಯ ರೋಗಾಣುವಿಗೆ ಸಂಬಂಧಿಸಿದವು. ಅಣ್ಣನ ಚೀಟಿಯಲ್ಲಿದ್ದುದು ವೈವ್ಯಾಕ್ಸ್. ಅದರ ನಡೆ ಬೇರೆ. ಅದು ಯಕೃತ್ತಿನಲ್ಲಿ ನಿದ್ರಿಸಿ ತಿಂಗಳುಗಳ ಮೇಲೂ ಎದ್ದುಬರುವುದುಂಟು. ಕಲಿಫಬುಗುವಿನ ಪಿ-53ನ್ನು ಹಾಗೆಯೇ ತಂದು ಮಂಗಳೂರಿನ ಶೆಡ್ಡಿಗೆ ಅಂಟಿಸಲಾಗದು. ಆದರೆ ವೈವ್ಯಾಕ್ಸ್ ವಿಷಯದಲ್ಲಿ, ಜ್ವರವನ್ನು ತಡೆದುಕೊಳ್ಳುವ ಶಕ್ತಿ ಫಾಲ್ಸಿಪ್ಯಾರಮ್‌ಗಿಂತ ಬೇಗನೆ ದೇಹಕ್ಕೆ ಬರುತ್ತದೆಂಬುದು ಹಲವು ದೇಶಗಳಲ್ಲಿ ಕಂಡ ಸಂಗತಿ. ಆರು ಮಳೆಗಾಲ ಕಂಡವನಿಗೂ ಮೊದಲನೆಯ ಮಳೆಗಾಲದವನಿಗೂ ಇದ್ದ ಅಂತರ ಕಸುವಿನದಲ್ಲವೆಂದು ಹೇಳಲು ಇಷ್ಟು ಸಾಕು.

ಅಣ್ಣ ದೀಪಾವಳಿಗೆ ಊರಿಗೆ ಬಂದಾಗ, ಅವ್ವ ರೊಟ್ಟಿ ಬಡಿಯುತ್ತಿದ್ದ ಒಲೆಯ ಮುಂದೆ ಕುಳಿತು ಇದನ್ನೆಲ್ಲ ಹೇಳಿದೆ. ಗ್ರಂಥಾಲಯವನ್ನು ಅವನು ಕಂಡವನಲ್ಲ. ಆದುದರಿಂದ ಮೇಸ್ತ್ರಿಯ ಹಾಜರಿ ಪುಸ್ತಕವನ್ನು ಉದಾಹರಣೆ ಮಾಡಿಕೊಂಡೆ. ಬಹಳ ಹೊತ್ತು ಕೇಳಿ, “ಹಂಗಾದ್ರ ಅಂವಗ ಜ್ವರ ಇಲ್ಲದಿದ್ರೂ ಗುಳಿಗಿ ಯಾಕ ಕೊಟ್ರು?” ಎಂದನು. ಪ್ರಶ್ನೆ ಸರಿಯಾಗಿತ್ತು. ಒಡಿಶಾದವನೂ ಅದೇ ಮಾತು ಹೇಳಿ, ಮೈಯಲ್ಲಿ ಏನೂ ಇಲ್ಲದಿರುವಾಗ ಹದಿನಾಲ್ಕು ದಿನ ಗುಳಿಗೆ ನುಂಗಲು ಮೊದಲು ಒಪ್ಪಿರಲಿಲ್ಲವಂತೆ. ಜ್ವರ ಬಂದವನು ಪರೀಕ್ಷೆಗೆ ಹೋಗುತ್ತಾನೆ, ಔಷಧ ತೆಗೆದುಕೊಳ್ಳುತ್ತಾನೆ. ಬಾರದವನು ಹೋಗುವುದಿಲ್ಲ. ಆದರೆ ಆತನನ್ನು ಕಚ್ಚಿದ ಸೊಳ್ಳೆ ರೋಗಾಣುವನ್ನು ಹೀರಿಕೊಂಡು ಹತ್ತು ಹನ್ನೆರಡು ದಿನದ ಬಳಿಕ ಪಕ್ಕದ ಚಾಪೆಯವನಿಗೆ ದಾಟಿಸಬಹುದು. ದೇಹದ ಶಾಂತಿ ಆತನಿಗೆ ಒಳ್ಳೆಯದು, ನೆರೆಯವನಿಗೆ ಅಲ್ಲ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ನನಗ ಬಂದದ್ದು ಅಂವನದs ಇರಬೇಕು” ಎಂದು ನಕ್ಕನು. ಹಾಗೆಂದು ಹೇಳಲು ಆಧಾರವಿಲ್ಲವೆಂದು ನಾನು ಅವನಿಗೆ ಮತ್ತೆ ಅರ್ಧ ಗಂಟೆ ವಿವರಿಸಬೇಕಾಯಿತು.

ಇಬ್ಬರೂ ಈಗಲೂ ಅದೇ ಶೆಡ್ಡಿನಲ್ಲಿದ್ದಾರೆ. ಈ ಮಳೆಗಾಲದಲ್ಲಿ ಇಲಾಖೆಯವರು ಮತ್ತೆ ಬಂದು ಎಲ್ಲರ ಬೆರಳು ಚುಚ್ಚಿದರಂತೆ. ಇಬ್ಬರ ಚೀಟಿಯಲ್ಲಿಯೂ ‘ಇಲ್ಲ’ ಎಂದು ಬರೆದಿತ್ತೆಂದು ಅಣ್ಣ ಫೋನು ಮಾಡಿದ್ದನು.